ಬೇಟೆನಾಯಿಯೂ ಬೇಟೆಯ ಧರ್ಮವೂ

ಬೇಟೆಯಾಡುವುದು ತಪ್ಪೋ ಸರಿಯೋ ಎಂಬ ವಿವಾದದಲ್ಲಿ ಎರಡು ಪಕ್ಷಗಳಿರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಬೇಟೆಯನ್ನು ತಪ್ಪೆಂದು ಭಾವಿಸದವರ ನಡುವೆಯೇ, ಅದನ್ನು ಪೌರುಷದ ವಿದ್ಯೆಯೆಂದೂ ವ್ಯಾಯಾಮಗಳಲ್ಲೆಲ್ಲ ಶ್ರೇಷ್ಠವಾದುದೆಂದೂ ಕೊಂಡಾಡುವವರ ನಡುವೆಯೇ, ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ಇನ್ನೊಂದು ವಿವಾದವುಂಟು. ಮೃಗವನ್ನು ತನ್ನ ಕೈಯಾರೆ ಕೊಲ್ಲದೆ, ನಾಯಿಗಳ ಹಿಂಡನ್ನು ಛೂ ಬಿಟ್ಟು, ಅವು ಅದನ್ನು ಬೆನ್ನಟ್ಟಿ, ದಣಿಸಿ, ಹಿಡಿದು, ಹರಿದುಹಾಕುವುದನ್ನು ಕುದುರೆಯ ಮೇಲೆ ಕುಳಿತು ಹಿಂಬಾಲಿಸುವವನು ಬೇಟೆಗಾರನೆನಿಸಿಕೊಳ್ಳಬಲ್ಲನೇ? ಕೊಂದದ್ದು ನಾಯಿ, ಜಾಡು ಹಿಡಿದದ್ದು ನಾಯಿ, ಓಡಿದ್ದು ನಾಯಿ. ಹಾಗಿರುವಲ್ಲಿ ಮನುಷ್ಯನ ಪಾಲಿಗೆ ಉಳಿದುದು ಪ್ರೇಕ್ಷಕನ ಸುಖವೊಂದೇ ಅಲ್ಲವೇ ಎಂದು ಒಬ್ಬರು ಕೇಳುತ್ತಾರೆ. ಕಾಡಿನ ಮೃಗವನ್ನು ಕಾಡಿನ ಮೃಗದ ರೀತಿಯಲ್ಲಿಯೇ, ಹಲ್ಲಿಗೆ ಹಲ್ಲು ಕಾಲಿಗೆ ಕಾಲು ಎಂಬಂತೆ ಎದುರಿಸುವುದು ಇದೊಂದೇ ಬೇಟೆ. ಮುನ್ನೂರು ಗಜ ದೂರದಲ್ಲಿ ಮರೆಯಾಗಿ ನಿಂತು ದೂರದರ್ಶಕ ಜೋಡಿಸಿದ ಬಂದೂಕದ ಕುದುರೆ ಎಳೆಯುವವನೇ ನಿಜವಾಗಿ ಬೇಟೆಯ ಹೆಸರು ಕೆಡಿಸುವವನು ಎಂದು ಮತ್ತೊಬ್ಬರು ಉತ್ತರಿಸುತ್ತಾರೆ.

ಈ ವಿವಾದವು ರಾಷ್ಟ್ರವೊಂದರ ರಾಜಕೀಯವನ್ನೇ ಕಲಕುವಷ್ಟು ತೀವ್ರವಾದುದು ಇಂಗ್ಲೆಂಡಿನಲ್ಲಿ. ಅಲ್ಲಿನ ಪಾರ್ಲಿಮೆಂಟು 2004ರಲ್ಲಿ ಬೇಟೆನಾಯಿಗಳ ಹಿಂಡಿನಿಂದ ನರಿ, ಜಿಂಕೆ, ಮೊಲಗಳನ್ನು ಬೇಟೆಯಾಡುವುದನ್ನು ನಿಷೇಧಿಸಿತು. ನಿಷೇಧವು 2005ರ ಫೆಬ್ರವರಿ 18ರಿಂದ ಜಾರಿಗೆ ಬಂದಿತು. ಎರಡು ದಶಕಗಳು ಕಳೆದರೂ ವಿವಾದವು ಮುಗಿದಿಲ್ಲ. ಇದಕ್ಕೆ ಕಾರಣ ಕೇವಲ ಹಳ್ಳಿ ಪಟ್ಟಣಗಳ ವೈರವೆಂದಾಗಲಿ, ಸಿರಿವಂತರು ಬೇಟೆಗೆ ತೊಡುವ ಕೆಂಪು ಕೋಟಿನ ಮೇಲೆ ಬಡವರಿಗಿರುವ ಅಸಹನೆಯೆಂದಾಗಲಿ ಹೇಳಿ ಮುಗಿಸುವುದು ಸುಲಭ. ಹಲವರು ಹಾಗೆ ಮುಗಿಸಿದ್ದಾರೆ ಕೂಡ. ಆದರೆ ವಾದದ ಒಳಗನ್ನು ಹೊಕ್ಕು ನೋಡಿದರೆ, ನ್ಯಾಯ, ದಯೆ, ಅಗತ್ಯ ಎಂಬ ಮೂರು ಬೇರೆ ಬೇರೆ ಅಳತೆಗೋಲುಗಳನ್ನು ಹಿಡಿದವರು ಒಂದೇ ವಸ್ತುವನ್ನು ಅಳೆಯುತ್ತ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಳೆಯಾಗದೆ ಜಗಳವಾಡುತ್ತಿರುವುದು ಕಾಣುತ್ತದೆ.

ಕೀಟಲೆಯ ಪ್ರಾಣಿಯಿಂದ ಕುಲೀನರ ಕ್ರೀಡೆಗೆ

ನರಿಬೇಟೆಯು ಇಂಗ್ಲೆಂಡಿನ ಅನಾದಿಯಾದ ಸಂಪ್ರದಾಯವೆಂಬ ಭಾವನೆ ಬಳಕೆಯಲ್ಲಿದೆಯಾದರೂ, ಇಂದು ನಾವು ಚಿತ್ರಗಳಲ್ಲಿ ಕಾಣುವ ರೂಪದಲ್ಲಿ ಅದು ಅಷ್ಟೇನೂ ಪ್ರಾಚೀನವಾದುದಲ್ಲ. ಮಧ್ಯಯುಗದ ದೊರೆಗಳಿಗೂ ಸರದಾರರಿಗೂ ಯೋಗ್ಯವಾದ ಮೃಗವೆಂದರೆ ಸಾರಂಗ. ನರಿ ಎಂಬುದು ಕೋಳಿ ಕದಿಯುವ, ಕುರಿಮರಿಯ ಮೇಲೆ ಕಣ್ಣಿಡುವ ಕ್ಷುದ್ರಪ್ರಾಣಿ. 1566ರ ಒಂದು ಶಾಸನದ ಪ್ರಕಾರ ನರಿಯ ತಲೆಯೊಂದನ್ನು ತಂದೊಪ್ಪಿಸಿದವನಿಗೆ ಊರಿನ ಚರ್ಚಿನ ಪಾರುಪತ್ಯಗಾರರು 12 ಪೆನ್ಸು ಕೊಡಬೇಕಾಗಿತ್ತು. ಅದನ್ನು ಬಲೆಯಿಂದ ಹಿಡಿದರೇನು, ದೊಣ್ಣೆಯಿಂದ ಬಡಿದರೇನು, ಯಾರೂ ಕೇಳುತ್ತಿರಲಿಲ್ಲ. ಹದಿನೇಳನೆಯ ಶತಮಾನದ ಅಂತರ್ಯುದ್ಧದಲ್ಲಿ ಜಿಂಕೆವನಗಳು ಹಾಳಾಗಿ, ಕಾಡು ಕಡಿಮೆಯಾಗಿ, ಸಾರಂಗವು ಅಪರೂಪವಾದ ಮೇಲೆ, ಕುದುರೆಯೂ ನಾಯಿಯೂ ವಿರಾಮವೂ ಉಳ್ಳ ಭೂಮಾಲಿಕರ ದೃಷ್ಟಿ ಈ ಕ್ಷುದ್ರಪ್ರಾಣಿಯ ಕಡೆ ತಿರುಗಿತು.

ಆ ಕ್ರೀಡೆಗೆ ಶಾಸ್ತ್ರದ ರೂಪವನ್ನು ಕೊಟ್ಟವನು ಹ್ಯೂಗೋ ಮೆಯ್ನೆಲ್. ಲೆಸ್ಟರ್‌ಶೈರಿನ ಕ್ವಾರ್ನ್ ಎಂಬಲ್ಲಿ 1753ರಿಂದ ಸುಮಾರು ಅರ್ಧ ಶತಮಾನ ಕಾಲ ನಾಯಿಗಳ ಹಿಂಡೊಂದನ್ನು ನಡೆಸಿದ ಆತನು, ಮೂಗಿನ ಚುರುಕನ್ನೂ ಕಾಲಿನ ವೇಗವನ್ನೂ ದಣಿವರಿಯದ ತ್ರಾಣವನ್ನೂ ಒಂದೇ ತಳಿಯಲ್ಲಿ ಕೂಡಿಸಲು ಶ್ರಮಿಸಿ ಸಫಲನಾದನು. ಅದಕ್ಕೆ ಮುಂಚಿನ ನಾಯಿಗಳು ನಿಧಾನಿಗಳಾಗಿದ್ದುದರಿಂದ, ರಾತ್ರಿ ಮೇದು ಹೊಟ್ಟೆ ಭಾರವಾದ ನರಿಯನ್ನು ಬೆಳಗು ಹರಿಯುವ ಮುನ್ನವೇ ಎಬ್ಬಿಸಬೇಕಾಗುತ್ತಿತ್ತು. ಮೆಯ್ನೆಲ್ಲನ ವೇಗದ ನಾಯಿಗಳು ಬಂದ ಮೇಲೆ, ಗೃಹಸ್ಥರು ಸಾವಕಾಶವಾಗಿ ಎದ್ದು, ಉಪಾಹಾರ ಮುಗಿಸಿ, ಜೀರ್ಣವಾಗಿ ಹಗುರವಾದ ನರಿಯನ್ನು ಬಯಲುಗಳ ಮೇಲೆ ಮೈಲುಗಟ್ಟಲೆ ಓಡಿಸುವುದು ಸಾಧ್ಯವಾಯಿತು. ಹೊಲಗಳಿಗೆ ಹೊಸದಾಗಿ ಎದ್ದಿದ್ದ ಜೀವಬೇಲಿಗಳು ಕುದುರೆ ಹಾರಿಸುವವರಿಗೆ ಅಡ್ಡಿಯಾಗುವುದಕ್ಕೆ ಬದಲಾಗಿ ಆಟದ ರುಚಿಯನ್ನೇ ಹೆಚ್ಚಿಸಿದವು. ಹೀಗೆ ಕೀಟಲೆಯ ಪ್ರಾಣಿಯನ್ನು ನಿವಾರಿಸುವ ಕೆಲಸವು ಓಟದ ಸೊಗಸಿಗಾಗಿ ನಡೆಯುವ ಕಲೆಯಾಗಿ ಪರಿಣಮಿಸಿತು.

ಕ್ರೀಡೆ ಬೆಳೆದಂತೆಲ್ಲ ನರಿಯ ಸ್ಥಾನವೂ ವಿಚಿತ್ರವಾಗಿ ಬದಲಾಯಿತು. ನರಿ ಇಲ್ಲದ ಸೀಮೆಯಲ್ಲಿ ನರಿಬೇಟೆ ನಡೆಯದು. ಆದ್ದರಿಂದ ನರಿಗಳು ಅಡಗಲೆಂದು ಪೊದೆಗಾಡುಗಳನ್ನು ನೆಟ್ಟರು. ಮರಿ ಹಾಕಲೆಂದು ಕೃತಕವಾದ ಬಿಲಗಳನ್ನು ಕಟ್ಟಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಇತರ ದೇಶಗಳಿಂದ ತಂದ ನರಿಗಳನ್ನು ಲಂಡನ್ನಿನ ಲೆಡನ್‌ಹಾಲ್ ಮಾರುಕಟ್ಟೆಯಲ್ಲಿ ಮಾರುತ್ತಿದ್ದರು. ಬೇಟೆಯ ಮುಖಂಡರ ನೆರೆಹೊರೆಯಲ್ಲಿ ನರಿಯನ್ನು ಗುಂಡಿಟ್ಟು ಕೊಂದವನು ಸಭ್ಯಸಮಾಜದಿಂದ ಬಹಿಷ್ಕೃತನಾಗುವ ಕಾಲವೂ ಬಂದಿತು. ಯಾವ ಪ್ರಾಣಿಯನ್ನು ಪೀಡೆಯೆಂದು ಕೊಲ್ಲುವುದಾಗಿ ಹೇಳುತ್ತಿದ್ದರೋ ಅದೇ ಪ್ರಾಣಿಯನ್ನು ಹಣ ಕೊಟ್ಟು ತರಿಸಿ ಸಾಕಿದ ಈ ಇತಿಹಾಸವು ಮುಂದಿನ ವಾದಕ್ಕೆ ಬಹುಮುಖ್ಯವಾದುದರಿಂದ ಅದನ್ನು ನೆನಪಿನಲ್ಲಿಡಬೇಕು.

ನ್ಯಾಯದ ಅಳತೆಗೋಲು

ನಾಯಿಯ ಬೇಟೆಯೇ ನ್ಯಾಯವಾದ ಬೇಟೆ ಎಂಬ ಪಕ್ಷಕ್ಕೆ ದೊರೆಯುವ ಸಾಕ್ಷಿಗಳು ಸಾಮಾನ್ಯರಲ್ಲ. ಪ್ಲೇಟೋ ತನ್ನ ಮುಪ್ಪಿನಲ್ಲಿ ರಚಿಸಿದ 'ಲಾಸ್' ಗ್ರಂಥದಲ್ಲಿ, ಯುವಕರಿಗೆ ಯಾವ ಬೇಟೆ ತಕ್ಕುದು ಎಂಬ ಪ್ರಶ್ನೆಯನ್ನೆತ್ತಿಕೊಂಡು, ರಾತ್ರಿಯ ಹೊತ್ತು ಬಲೆ ಕಣ್ಣಿಗಳನ್ನೊಡ್ಡಿ ತಾನು ಮಲಗಿರುವವನ ಬೇಟೆಯನ್ನು ಸೋಮಾರಿಯ ಕೆಲಸವೆಂದು ತಿರಸ್ಕರಿಸಿ, ಕುದುರೆ, ನಾಯಿ ಮತ್ತು ಸ್ವಂತ ದೇಹಬಲ ಇವುಗಳಿಂದ ನಾಲ್ಕು ಕಾಲಿನ ಮೃಗಗಳನ್ನು ಬೆನ್ನಟ್ಟುವುದೊಂದನ್ನೇ ಒಪ್ಪುತ್ತಾನೆ. ಕ್ರಿಸ್ತಶಕ ಎರಡನೆಯ ಶತಮಾನದ ಆರಿಯನ್ ಎಂಬ ಗ್ರೀಕ್ ಲೇಖಕನು ಗಾಲ್ ದೇಶದ ವೇಗಶಾಲಿಗಳಾದ ನಾಯಿಗಳನ್ನು ಕುರಿತು ಬರೆಯುವಾಗ, ನಿಜವಾದ ಬೇಟೆಗಾರನು ನಾಯಿಗಳನ್ನು ಹೊರಗೆ ಕರೆದೊಯ್ಯುವುದು ಮೊಲವನ್ನು ಕೊಲ್ಲಿಸುವುದಕ್ಕಲ್ಲ, ಓಟದ ಸ್ಪರ್ಧೆಯನ್ನು ನೋಡುವುದಕ್ಕೆ, ಮೊಲ ತಪ್ಪಿಸಿಕೊಂಡರೆ ಅವನು ಸಂತೋಷಿಸುವನು ಎಂಬರ್ಥದ ಮಾತು ಹೇಳುತ್ತಾನೆ. ಇದೇ ಭಾವನೆ ಮುಂದೆ ಇಂಗ್ಲೆಂಡಿನ ಮೊಲದೋಟದ ಪಂದ್ಯಗಳಲ್ಲಿ ನಿಯಮವಾಗಿ ನೆಲಸಿತು: ಮೊಲವು ಗಜಗಟ್ಟಲೆ ಮುಂದೆ ಹೋಗುವ ತನಕ ನಾಯಿಗಳ ಕೊರಳಪಟ್ಟಿ ಬಿಡುವಂತಿರಲಿಲ್ಲ, ಅಂಕಗಳು ಸಿಕ್ಕುತ್ತಿದ್ದುದು ವೇಗಕ್ಕೂ ಮೊಲವನ್ನು ತಿರುಗಿಸಿದ ಕೌಶಲಕ್ಕೂ ಹೊರತು ಕೇವಲ ಕೊಂದುದಕ್ಕಲ್ಲ. 1836ರಲ್ಲಿ ಆರಂಭವಾಗಿ 2005ರಲ್ಲಿ ಕೊನೆಗೊಂಡ ವಾಟರ್ಲೂ ಕಪ್ ಎಂಬ ಪಂದ್ಯವು ಈ ಬಗೆಯದು.

ಆದರೆ ನ್ಯಾಯದ ಇದೇ ಅಳತೆಗೋಲು ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ತಿರುಗುಮುರುಗಾಯಿತು. ಅಮೆರಿಕದಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಜಾರ್ಜ್ ಬರ್ಡ್ ಗ್ರಿನ್ನೆಲ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು, ಮೃಗಕ್ಕೆ ತಪ್ಪಿಸಿಕೊಳ್ಳುವ ತಕ್ಕಷ್ಟು ಅವಕಾಶವಿರುವ ಬೇಟೆಯೇ ನ್ಯಾಯವಾದ ಬೇಟೆ ಎಂಬ ತತ್ತ್ವವನ್ನು ಪ್ರಚಾರ ಮಾಡಿತು. ನ್ಯೂಯಾರ್ಕ್ ಸಂಸ್ಥಾನದ ಅಡಿರಾಂಡಕ್ ಬೆಟ್ಟಗಳಲ್ಲಿ ನಾಯಿಗಳು ಜಿಂಕೆಯನ್ನು ಕೆರೆಗಳೊಳಕ್ಕೆ ಅಟ್ಟುತ್ತಿದ್ದವು. ದೋಣಿಯಲ್ಲಿ ಕಾದು ಕುಳಿತವನು, ಈಜುತ್ತ ಅಸಹಾಯವಾದ ಪ್ರಾಣಿಯನ್ನು ಪಕ್ಕದಲ್ಲಿಯೇ ನಿಂತು ಮುಗಿಸುತ್ತಿದ್ದನು. ಕ್ಲಬ್ಬಿನವರೂ ಇತರರೂ ಅದನ್ನು ವಿರೋಧಿಸಿದರು. 1897ರಲ್ಲಿ ಅಲ್ಲಿ ಅದು ನಿಷಿದ್ಧವಾಯಿತು. ಗ್ರೀಕನಿಗೆ ಯಾವುದು ಪುರುಷೋಚಿತವಾಗಿ ಕಂಡಿತೋ ಅದೇ ಈ ಅಮೆರಿಕನರಿಗೆ ಹೇಡಿತನವಾಗಿ ಕಂಡಿತು. ಆದರೂ ಅದೇ ರೂಸ್‌ವೆಲ್ಟ್ 1901ರಲ್ಲಿ ಕೊಲೊರಾಡೋ ಸೀಮೆಗೆ ಹೋಗಿ ನಾಯಿಗಳ ಸಹಾಯದಿಂದಲೇ ಬೆಟ್ಟದ ಸಿಂಹವೆಂದು ಕರೆಯುವ ಕೂಗರ್ ಮೃಗಗಳನ್ನು ಬೇಟೆಯಾಡಿದನು ಎಂಬುದನ್ನು ನೋಡಿದರೆ, ಆ ತತ್ತ್ವಕ್ಕೆ ಮೃಗದಿಂದ ಮೃಗಕ್ಕೆ ಎಷ್ಟು ಸಡಿಲಿಕೆಯಿತ್ತೆಂಬುದು ತಿಳಿಯುತ್ತದೆ.

ಮಿಸಿಸಿಪ್ಪಿಯಲ್ಲಿ 1902ರ ನವೆಂಬರಿನಲ್ಲಿ ನಡೆದ ಪ್ರಸಂಗವೊಂದು ಈ ನ್ಯಾಯದ ಸ್ವರೂಪವನ್ನು ಚೆನ್ನಾಗಿ ಬಯಲು ಮಾಡುತ್ತದೆ. ಆಗ ರಾಷ್ಟ್ರಾಧ್ಯಕ್ಷನಾಗಿದ್ದ ರೂಸ್‌ವೆಲ್ಟನಿಗೆ ಕರಡಿಬೇಟೆಯನ್ನೇರ್ಪಡಿಸಿದ್ದವನು, ಗುಲಾಮಗಿರಿಯಲ್ಲಿ ಹುಟ್ಟಿ ಆ ಸೀಮೆಯ ಅಗ್ರಗಣ್ಯ ಬೇಟೆಗಾರನಾಗಿ ಬೆಳೆದ ಹೋಲ್ಟ್ ಕಾಲಿಯರ್. ಅವನ ನಾಯಿಗಳು ಮುತ್ತಿದ ಕರಡಿಯು ನಾಯಿಯೊಂದನ್ನು ಕೊಂದಿತು. ಕಾಲಿಯರ್ ಅದನ್ನು ಬಂದೂಕದ ಹಿಡಿಯಿಂದ ಬಡಿದು ಮರಕ್ಕೆ ಕಟ್ಟಿ, ಅಧ್ಯಕ್ಷನನ್ನು ಕರೆಯಿಸಿದನು. ಕಟ್ಟಿಹಾಕಿದ ಮೃಗದ ಮೇಲೆ ಗುಂಡು ಹಾರಿಸುವುದು ತನಗೆ ತಕ್ಕುದಲ್ಲವೆಂದು ರೂಸ್‌ವೆಲ್ಟ್ ನಿರಾಕರಿಸಿದನು. ಪತ್ರಿಕೆಯ ವ್ಯಂಗ್ಯಚಿತ್ರಕಾರನು ಅದನ್ನು ಬರೆದನು, ದೇಶವೆಲ್ಲ ಕೊಂಡಾಡಿತು, ಇಂದಿಗೂ ಮಕ್ಕಳು ಅಪ್ಪಿಕೊಂಡು ಮಲಗುವ ಟೆಡ್ಡಿ ಎಂಬ ಬೊಂಬೆ ಕರಡಿ ಹುಟ್ಟಿದುದು ಆ ಔದಾರ್ಯದ ನೆನಪಿಗೆ. ಆದರೆ ಜನ ಅಷ್ಟಾಗಿ ನೆನೆಯದ ಭಾಗವೊಂದುಂಟು. ಗಾಯಗೊಂಡ ಆ ಕರಡಿಯ ನೋವು ಮುಗಿಯಲೆಂದು ಅಧ್ಯಕ್ಷನೇ ಅಪ್ಪಣೆ ಕೊಟ್ಟುದರಿಂದ ಅದನ್ನು ಕತ್ತಿಯಿಂದ ಇರಿದು ಕೊಂದರು. ಉಳಿದುದು ಬೇಟೆಗಾರನ ಮರ್ಯಾದೆ, ಕರಡಿಯ ಪ್ರಾಣವಲ್ಲ.

ರೂಸ್‌ವೆಲ್ಟನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ಸ್ಥಿತಿಯಲ್ಲಿ ಅವನು ಮಾಡಿದುದಕ್ಕಿಂತ ಉತ್ತಮವಾದುದನ್ನು ಮಾಡುವುದು ಕಷ್ಟವಾಗಿತ್ತು. ಬೇಟೆಯ ನ್ಯಾಯವೆಂಬುದು ಬೇಟೆಗಾರನು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಅದರಿಂದ ಸಂಸ್ಕಾರಗೊಳ್ಳುವುದು ಅವನ ಮನಸ್ಸು. ಸ್ಪರ್ಧೆಯೆಂದ ಮೇಲೆ ಇಬ್ಬರೂ ಒಪ್ಪಿ ಕಣಕ್ಕಿಳಿದಿರಬೇಕು. ನರಿಯಾಗಲಿ ಕರಡಿಯಾಗಲಿ ಅಂಥ ಒಪ್ಪಂದಕ್ಕೆ ರುಜು ಹಾಕಿಲ್ಲ. ಹಾಗಿದ್ದ ಮೇಲೆ ನ್ಯಾಯವೊಂದನ್ನೇ ಹಿಡಿದು ನಾಯಿಬೇಟೆಯನ್ನು ಸಾಧುವೆಂದು ಸ್ಥಾಪಿಸಲೂ ಆಗದು, ಅಸಾಧುವೆಂದು ತೆಗೆದುಹಾಕಲೂ ಆಗದು.

ದಯೆಯ ಅಳತೆಗೋಲು

ಇಂಗ್ಲೆಂಡಿನಲ್ಲಿ ಕ್ರೂರಕ್ರೀಡೆಗಳ ವಿರೋಧಕ್ಕೆಂದು 1924ರಲ್ಲಿ ಹುಟ್ಟಿದ ಲೀಗ್ ಅಗೇನ್‌ಸ್ಟ್ ಕ್ರೂಯಲ್ ಸ್ಪೋರ್ಟ್ಸ್ ಎಂಬ ಸಂಸ್ಥೆಯವರು ಈ ನ್ಯಾಯಶಾಸ್ತ್ರವನ್ನು ಬದಿಗಿಟ್ಟು, ಓಡುವ ಪ್ರಾಣಿ ಅನುಭವಿಸುವುದೇನು ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಅದಕ್ಕೆ ಸರಕಾರ ನೇಮಿಸಿದ ಸಮಿತಿಗಳು ಕೊಟ್ಟ ಉತ್ತರಗಳು ಒಂದೇ ಬಗೆಯಾಗಿಲ್ಲ. 1949ರಲ್ಲಿ ನೇಮಕವಾಗಿ 1951ರಲ್ಲಿ ವರದಿ ಒಪ್ಪಿಸಿದ ಸ್ಕಾಟ್ ಹೆಂಡರ್ಸನ್ ಸಮಿತಿಯು, ನರಿಗಳನ್ನು ಕೊಲ್ಲುವ ಇತರ ಬಹುತೇಕ ಉಪಾಯಗಳಿಗಿಂತ ನಾಯಿಗಳ ಬೇಟೆಯಲ್ಲಿ ಕ್ರೌರ್ಯ ಕಡಿಮೆಯೆಂದು ಹೇಳಿತು. ಅರ್ಧ ಶತಮಾನದ ಮೇಲೆ, 2000ದಲ್ಲಿ, ಲಾರ್ಡ್ ಬರ್ನ್ಸರ ಸಮಿತಿಯು ಬಹಳ ಜಾಗರೂಕತೆಯಿಂದ ಪದಗಳನ್ನಾರಿಸಿ, ಬೆನ್ನಟ್ಟಿ ಹಿಡಿದು ಕೊಲ್ಲುವ ಕ್ರಮವು ನರಿಯ ಕ್ಷೇಮಕ್ಕೆ ಗಂಭೀರವಾದ ಧಕ್ಕೆ ತರುತ್ತದೆ ಎಂದಿತು. ಹಾಗಾದರೆ ಅದು ಕ್ರೂರವೆಂದು ನಿಮ್ಮ ಅಭಿಪ್ರಾಯವೇ ಎಂಬ ಪ್ರಶ್ನೆಗೆ, ಅಷ್ಟು ದೂರ ಹೋಗಲು ಸಾಲುವಷ್ಟು ಪುರಾವೆ ತಮಗೆ ದೊರೆಯಲಿಲ್ಲವೆಂದು ಲಾರ್ಡ್ ಬರ್ನ್ಸ್ ಮೇಲ್ಮನೆಯಲ್ಲಿ ವಿವರಿಸಿದರು. ಎರಡು ಪಕ್ಷದವರೂ ಆ ವರದಿಯನ್ನು ತಮ್ಮದೆಂದೇ ಹೇಳಿಕೊಂಡರು.

ಬೇಟೆಯ ಪಕ್ಷದವರ ಅತ್ಯಂತ ಬಲವಾದ ವಾದ ಇಲ್ಲಿದೆ; ವಿರೋಧಿಗಳು ಅದನ್ನು ಸುಲಭವಾಗಿ ತಳ್ಳಿಹಾಕುವುದು ಸರಿಯಲ್ಲ. ನಾಯಿ ಹಿಡಿದರೆ ನರಿ ಸಾಯುತ್ತದೆ. ಹಿಡಿಯದಿದ್ದರೆ ಮೈಯಲ್ಲಿ ಗಾಯವಿಲ್ಲದೆ ಬದುಕುತ್ತದೆ. ಇದರ ನಡುವೆ ಮೂರನೆಯ ಗತಿ ಸಾಮಾನ್ಯವಾಗಿ ಇಲ್ಲ. ಕೋವಿಯ ವಿಷಯ ಹಾಗಲ್ಲ. ಗುರಿ ಕೊಂಚ ತಪ್ಪಿದರೆ, ಚೂರುಗುಂಡು ಹೊಕ್ಕ ಕಾಲನ್ನೆಳೆದುಕೊಂಡು ಬಿಲ ಸೇರಿದ ಪ್ರಾಣಿ ದಿನಗಟ್ಟಲೆ ಕೀವಿನಲ್ಲಿ ನರಳಿ ಸಾಯುತ್ತದೆ. ಅದನ್ನು ಕಾಣುವವರಿಲ್ಲ, ಲೆಕ್ಕಕ್ಕೆ ಹಿಡಿಯುವವರಿಲ್ಲ. ಮುಂದಿನ ನಾಯಿಯ ಹಿಡಿತಕ್ಕೆ ಸಿಕ್ಕಿದ ನರಿ ಸಾಮಾನ್ಯವಾಗಿ ಕೆಲವು ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆಂಬುದನ್ನು ಬರ್ನ್ಸ್ ಸಮಿತಿಯೂ ಒಪ್ಪಿಕೊಂಡಿತು. ಹಗಲಿನಲ್ಲಿ ಚೂರುಗುಂಡಿನ ಕೋವಿ ಬಳಸುವುದರಿಂದ ಆಗುವ ಗಾಯಗಳ ಬಗೆಗೂ ಅದು ಆತಂಕ ಸೂಚಿಸಿತು. ಆದರೆ ಸಾವು ಕ್ಷಣದ್ದಾದರೂ ಓಟ ಕ್ಷಣದ್ದಲ್ಲ. ಬಿಲ ಹೊಕ್ಕ ನರಿಯನ್ನು ಟೆರಿಯರ್ ನಾಯಿಗಳನ್ನಿಳಿಸಿ, ಗುದ್ದಲಿಯಿಂದ ತೋಡಿ ಹೊರಗೆಳೆಯುವ ಪದ್ಧತಿಯಲ್ಲಿಯಂತೂ ಕ್ಷಣದ ಮಾತೇ ಬಾರದು. ಸಾರಂಗಗಳ ವಿಷಯದಲ್ಲಿ ಪ್ರಾಣಿಶಾಸ್ತ್ರಜ್ಞ ಪ್ಯಾಟ್ರಿಕ್ ಬೇಟ್ಸನ್ 1997ರಲ್ಲಿ ಮಾಡಿದ ಅಧ್ಯಯನವು, ಗಂಟೆಗಟ್ಟಲೆಯ ಓಟವು ಆ ಪ್ರಾಣಿಯ ದೇಹವನ್ನು ಅದರ ಸಹಜಜೀವನದಲ್ಲಿ ಎಂದೂ ಬಾರದ ಬಳಲಿಕೆಗೆ ಒಯ್ಯುತ್ತದೆ ಎಂದು ತೋರಿಸಿತು. ನಾಡಿನ ಪರಂಪರೆಯ ಭೂಮಿಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದರ ಮೇಲೆ ತನ್ನ ಭೂಮಿಯಲ್ಲಿ ಸಾರಂಗದ ನಾಯಿಬೇಟೆಯನ್ನು ಒಡನೆಯೇ ನಿಲ್ಲಿಸಿತು.

ಇನ್ನು ಬರ್ನ್ಸ್ ಸಮಿತಿ ನರಿಯ ಕ್ಷೇಮದ ದೃಷ್ಟಿಯಿಂದ ಮೇಲೆಂದು ಭಾವಿಸಿದ ಉಪಾಯ ಯಾವುದು? ರಾತ್ರಿಯಲ್ಲಿ ಪ್ರಖರವಾದ ದೀಪ ಬೀರಿ, ಅದರ ಬೆಳಕಿಗೆ ಹೊಳೆಯುವ ಕಣ್ಣುಗಳನ್ನು ಗುರುತಿಸಿ, ನುರಿತವನು ರೈಫಲಿನಿಂದ ಗುಂಡಿಡುವುದು. ಪ್ಲೇಟೋ ಯಾವುದನ್ನು ಅಧಮವೆನ್ನುತ್ತಿದ್ದನೋ, ಅಡಿರಾಂಡಕ್ಕಿನ ಸಭ್ಯರು ನಾಯಿಯ ಜೊತೆಯಲ್ಲಿಯೇ ಯಾವುದನ್ನು ನಿಷೇಧಿಸಲು ಕೇಳಿದರೋ, ಆ ದೀಪದ ಬೇಟೆ! ಸಮಸ್ಯೆಯ ತಿರುಳು ಇದೇ ಎಂದು ನನಗೆ ತೋರುತ್ತದೆ. ನ್ಯಾಯವೂ ದಯೆಯೂ ಒಂದೇ ದಿಕ್ಕಿಗೆ ನಡೆಯುವವೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಬೇಟೆಯಲ್ಲಿ ಅವು ವಿಮುಖವಾಗಿ ನಡೆಯುತ್ತವೆ. ಮೃಗಕ್ಕೆ ತಪ್ಪಿಸಿಕೊಳ್ಳುವ ಅವಕಾಶವನ್ನು ಹೆಚ್ಚಿಸಿದಷ್ಟೂ ಓಟ ದೀರ್ಘವಾಗುತ್ತದೆ, ಭಯ ದೀರ್ಘವಾಗುತ್ತದೆ; ಭಯವನ್ನು ಇಲ್ಲದಂತೆ ಮಾಡಬೇಕಾದರೆ ಅವಕಾಶವನ್ನೂ ಇಲ್ಲದಂತೆ ಮಾಡಬೇಕು. ಪರಮದಯಾಳುವಾದ ಬೇಟೆಗಾರನು ಪರಮ ಅನ್ಯಾಯಗಾರನೂ ಆಗಿರಲೇಬೇಕಾದ ಈ ಇಕ್ಕಟ್ಟಿನಲ್ಲಿ, ಒಬ್ಬರು ಹಿಡಿದ ಒಂದೊಂದು ಗುಣ ಇನ್ನೊಬ್ಬರ ಕಣ್ಣಿಗೆ ದೋಷವಾಗಿಯೇ ಕಾಣುವುದು ಅನಿವಾರ್ಯ.

ಅಗತ್ಯದ ಅಳತೆಗೋಲು

ಹೀಗಿರಲಾಗಿ ಮೂರನೆಯ ಅಳತೆಗೋಲೊಂದೇ ನಿರ್ಣಾಯಕವಾಗಬಲ್ಲುದು: ಈ ಮೃಗವನ್ನು ಕೊಲ್ಲುವ ಅಗತ್ಯವಿದೆಯೇ? ಇದ್ದರೆ, ನಾಯಿಯಿಲ್ಲದೆ ಆಗದೇ?

ಇಂಗ್ಲೆಂಡಿನ ಬಯಲುಸೀಮೆಯ ನರಿಬೇಟೆ ಈ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗುವುದಿಲ್ಲ. ನೋಂದಾಯಿತ ಹಿಂಡುಗಳು ವರ್ಷಕ್ಕೆ ಕೊಲ್ಲುತ್ತಿದ್ದ ನರಿಗಳು 21,000ದಿಂದ 25,000 ಎಂದು ಬರ್ನ್ಸ್ ಸಮಿತಿ ಅಂದಾಜು ಮಾಡಿತು. ಅದೇ ಕಾಲಾವಧಿಯಲ್ಲಿ ರೋಗ, ರಸ್ತೆ, ಗುಂಡು ಮೊದಲಾದ ಎಲ್ಲ ಕಾರಣಗಳಿಂದ ಸಾಯುತ್ತಿದ್ದ ನರಿಗಳ ಸಂಖ್ಯೆ ಸುಮಾರು ನಾಲ್ಕು ಲಕ್ಷ. 2001ರಲ್ಲಿ ಕಾಲುಬಾಯಿ ಜ್ವರದ ಹಾವಳಿಯಿಂದ ದೇಶದಾದ್ಯಂತ ಬೇಟೆ ತಿಂಗಳುಗಟ್ಟಲೆ ನಿಂತಿದ್ದಾಗ ವಿಜ್ಞಾನಿಗಳಿಗೆ ಯಾರೂ ಯೋಜಿಸದ ಪ್ರಯೋಗವೊಂದು ಕೈಗೂಡಿತು. ಬೇಟೆ ನಿಂತುದರಿಂದ ನರಿಗಳ ಸಂಖ್ಯೆಯಲ್ಲಿ ಗಣನೀಯವಾದ ಏರಿಕೆ ಕಾಣಲಿಲ್ಲವೆಂದು 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನರಿಗಾಗಿ ಬಿಲ ಕಟ್ಟಿಸಿ, ಪರದೇಶದಿಂದ ನರಿ ತರಿಸಿದ ಹಿರಿಯರ ವಂಶಜರು, ನರಿಯ ಉಪದ್ರವದಿಂದ ನಾಡನ್ನು ರಕ್ಷಿಸುತ್ತಿದ್ದೇವೆಂದು ಹೇಳಿದಾಗ, ಆ ಮಾತಿಗೆ ಇತಿಹಾಸದ ಬೆಂಬಲವೂ ಇರಲಿಲ್ಲ, ಗಣಿತದ ಬೆಂಬಲವೂ ಇರಲಿಲ್ಲ.

ಆದರೆ ವೇಲ್ಸ್ ಮತ್ತು ಕಂಬ್ರಿಯಾದ ಬೆಟ್ಟಗಳ ಮಾತು ಬೇರೆ. ಅಲ್ಲಿ ಕುದುರೆಯಿಲ್ಲ, ಕೆಂಪು ಕೋಟಿಲ್ಲ. ಕುರಿ ಸಾಕುವವರು ಕಲ್ಲುಬಂಡೆಗಳ ನಡುವೆ ನಾಯಿಗಳೊಡನೆ ಕಾಲ್ನಡೆಯಲ್ಲಿ ಹೋಗುತ್ತಾರೆ. ದೀಪ ಹಿಡಿದು ವಾಹನದಲ್ಲಿ ಹೋಗಲಾಗದ ಆ ಕಡಿದಾದ ಜಾಗದಲ್ಲಿ, ಕುರಿಮರಿಗಳು ಹುಟ್ಟುವ ಋತುವಿನಲ್ಲಿ, ಪೊದೆಯಿಂದ ನರಿಯನ್ನೆಬ್ಬಿಸುವುದಕ್ಕೆ ನಾಯಿಗಳನ್ನು ಬಿಟ್ಟರೆ ಸುಲಭವಾದ ಸಾಧನವಿಲ್ಲವೆಂದು ಬರ್ನ್ಸ್ ಸಮಿತಿಯೇ ಒಪ್ಪಿತು. ಅಮೆರಿಕದ ಪಶ್ಚಿಮದಲ್ಲಿಯೂ ಇಂಥದೇ ಕವಲು ಕಾಣುತ್ತದೆ. ಕರಡಿಯನ್ನೂ ಕೂಗರನ್ನೂ ನಾಯಿಗಳಿಂದ ಬೇಟೆಯಾಡುವುದನ್ನು ಆರೆಗನ್ ಸಂಸ್ಥಾನದ ಮತದಾರರು 1994ರಲ್ಲಿ ನಿಷೇಧಿಸಿದರು; ಕರಡಿಯ ಮೇಲೆ ನಾಯಿ ಬಿಡುವುದನ್ನು ಕ್ಯಾಲಿಫೋರ್ನಿಯ 2012ರಲ್ಲಿ ಕಾನೂನಿನಿಂದ ತಡೆಯಿತು. ಕೊರಳಪಟ್ಟಿಗೆ ಜಿಪಿಎಸ್ ಕಟ್ಟಿ, ನಾಯಿಗಳು ಮೃಗವನ್ನು ಮರ ಹತ್ತಿಸಿದ ಸಂಕೇತ ಬರುವ ತನಕ ಗಾಡಿಯಲ್ಲಿ ಕುಳಿತಿದ್ದು, ಆಮೇಲೆ ನಡೆದುಹೋಗಿ ಕೊಂಬೆಯ ಮೇಲಿನ ಮೃಗಕ್ಕೆ ಗುಂಡು ಹಾಕುವುದರಲ್ಲಿ ಬೇಟೆ ಎಲ್ಲಿದೆ ಎಂಬುದು ನಿಷೇಧಪಕ್ಷದವರ ಪ್ರಶ್ನೆ. ಅದಕ್ಕೆ ನಾಯಿ ಸಾಕುವವರ ಉತ್ತರವೂ ಹಗುರವಾದುದಲ್ಲ: ಮರವೇರಿದ ಮೃಗವನ್ನು ಸಾವಧಾನವಾಗಿ ನೋಡಬಹುದು, ಗಂಡೋ ಹೆಣ್ಣೋ, ಎಳೆಯದೋ ಬಲಿತದೋ, ಹಾಲೂಡುತ್ತಿರುವ ತಾಯಿಯೋ ಎಂದು ತಿಳಿದು, ಕೊಲ್ಲಬಾರದ್ದನ್ನು ಬಿಟ್ಟು ಬರಬಹುದು. ಮಾರಿಸ್ ಹಾರ್ನಾಕರ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಐಡಾಹೋ ಕಾಡುಗಳಲ್ಲಿ ಕೂಗರುಗಳನ್ನು ಜೀವಸಹಿತ ಹಿಡಿದು ಗುರುತು ಹಾಕಿ ಅಧ್ಯಯನ ಮಾಡಿದುದು ಇಂಥ ನಾಯಿಗಳ ನೆರವಿನಿಂದಲೇ. ನಾಯಿ, ಕುದುರೆ, ಬೆಟ್ಟ ಇವು ಯಾವುವೂ ತಾವಾಗಿಯೇ ಸಾಧುವೂ ಅಲ್ಲ, ಅಸಾಧುವೂ ಅಲ್ಲ.

ನಮ್ಮ ನಾಡಿನ ಸಾಕ್ಷಿ

ಕನ್ನಡಿಗನಿಗೆ ಈ ವಿವಾದವು ಪೂರ್ತಿಯಾಗಿ ಹೊರಗಿನದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿಸ್ತಶಕ 949-50ರ ಕಲ್ಲೊಂದು ನಾಯಿಯೊಂದರ ವೀರಮರಣವನ್ನು ಸ್ಮರಿಸುತ್ತದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನ ವಿರುದ್ಧ ಪರಾಕ್ರಮ ತೋರಿದ ಮಣಲೇರನೆಂಬ ವೀರನು ಗಂಗರ ಅರಸ ಬೂತುಗನನ್ನು ಬೇಡಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹೆಬ್ಬಂದಿಯೊಂದನ್ನು ತಡೆದು ಕಾದಿತು. ಹಂದಿಯೂ ನಾಯಿಯೂ ಜೊತೆಯಲ್ಲಿಯೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಗೆ ವ್ಯವಸ್ಥೆ ಮಾಡಿದರು; ಕಲ್ಲಿನ ಮೇಲೆ ಎದುರುಬದುರಾದ ನಾಯಿಯನ್ನೂ ಹಂದಿಯನ್ನೂ ಕೆತ್ತಿದರು. ಇಲ್ಲಿ ಕೀರ್ತಿ ಒಡೆಯನದಲ್ಲ, ನಾಯಿಯದು. ಬೇಟೆಯಾಡಿದವರಾರು ಎಂಬ ಪ್ರಶ್ನೆಗೆ ಆ ಕಾಲದ ಕನ್ನಡಿಗರು ಸಂಕೋಚವಿಲ್ಲದೆ ಕೊಟ್ಟ ಉತ್ತರವದು.

ಶಾಸ್ತ್ರಕಾರರಲ್ಲಿ ಒಮ್ಮತವಿರಲಿಲ್ಲ. ಮನುಸ್ಮೃತಿ ಮೃಗಯೆಯನ್ನು ಅರಸರ ಕಾಮಜ ವ್ಯಸನಗಳಲ್ಲಿ ಸೇರಿಸಿತು. ಕೌಟಿಲ್ಯನಾದರೋ ಜೂಜಿಗಿಂತ ಅದು ಮೇಲೆಂದು, ಮೈ ಹಗುರವಾಗುವುದು, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸವಾಗುವುದು, ಮೃಗಗಳ ಚಿತ್ತವನ್ನರಿಯುವುದು ಎಂಬ ಗುಣಗಳನ್ನು ಎಣಿಸಿದನು. ವಾಲ್ಮೀಕಿಯ ರಾಮಾಯಣದಲ್ಲಿ ಮರೆಯಿಂದ ಹೊಡೆದುದು ಅಧರ್ಮವೆಂದು ವಾಲಿ ಆಕ್ಷೇಪಿಸಿದಾಗ ರಾಮನು ಕೊಡುವ ಸಮಾಧಾನಗಳಲ್ಲೊಂದು, ಮನುಷ್ಯರು ಮೃಗಗಳನ್ನು ಬಲೆಯಿಂದಲೂ ಪಾಶದಿಂದಲೂ, ಅಡಗಿಯೂ ಎದುರುನಿಂತೂ ಹಿಡಿಯುವರು, ಅದರಲ್ಲಿ ದೋಷವಿಲ್ಲ ಎಂಬುದು. ಯುದ್ಧದ ನ್ಯಾಯವು ಬೇಟೆಗೆ ಅನ್ವಯಿಸುವುದಿಲ್ಲವೆಂಬ ಆ ಸಮಾಧಾನ ಓದುಗರಲ್ಲಿ ಅನೇಕರಿಗೆ ಇಂದಿಗೂ ತೃಪ್ತಿ ಕೊಟ್ಟಿಲ್ಲ. ಬೇಟೆಯ ನ್ಯಾಯದ ಪ್ರಶ್ನೆ ನಮ್ಮಲ್ಲಿಯೂ ಹಳೆಯದೆಂಬುದಕ್ಕೆ ಅದು ಸಾಕ್ಷಿಯಾಗಿದೆ.

ಇಂಗ್ಲಿಷರು ಇಲ್ಲಿಗೆ ಬರುವಾಗ ತಮ್ಮ ಹಿಂಡುಗಳನ್ನೂ ತಂದರು. ಉದಕಮಂಡಲದ ಹುಲ್ಲುಗಾವಲುಗಳಲ್ಲಿ ಕೆಂಪುನರಿ ಸಿಕ್ಕದೆ, ಜಾಕಲ್ ಎಂದು ಅವರು ಕರೆಯುವ ನಮ್ಮ ನಾಡಿನ ನರಿಯ ಬೆನ್ನು ಹತ್ತಿದರು. ನೋಟದಿಂದ ಬೇಟೆಯಾಡುವ ನಮ್ಮ ಮುಧೋಳದ ನಾಯಿಯ ಕೀರ್ತಿಯೂ ಅವರ ತನಕ ಮುಟ್ಟಿತು. ಮುಧೋಳದ ಘೋರ್ಪಡೆ ಅರಸರು ಐದನೆಯ ಜಾರ್ಜ್ ದೊರೆಗೆ ಈ ನಾಯಿಗಳನ್ನು ಕಾಣಿಕೆಯಿತ್ತರು. ಇಂದು ನಮ್ಮಲ್ಲಿ ಕಾನೂನಿನ ಮಾತು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯ ವ್ಯಾಖ್ಯೆಯಲ್ಲಿ ಕೊಲ್ಲುವುದನ್ನಷ್ಟೇ ಅಲ್ಲ, ನಾಯಿ ಬಿಟ್ಟು ಅಟ್ಟಿಸುವುದನ್ನೂ ಅದರ ಪ್ರಯತ್ನವನ್ನೂ ಸೇರಿಸುತ್ತದೆ. ಯಾವ ಸಾಧನ, ಎಷ್ಟು ನಾಯಿ ಎಂದು ಕೇಳದೆ, ಮೃಗವನ್ನೇ ಮೊದಲಿಟ್ಟುಕೊಂಡು, ಅಪಾಯವೋ ಹಾನಿಯೋ ಸಿದ್ಧವಾದಲ್ಲಿ ಮಾತ್ರ ಅಧಿಕಾರಿಯ ಲಿಖಿತ ಅಪ್ಪಣೆಯ ಮೇಲೆ ವಿನಾಯಿತಿ ಕೊಡುತ್ತದೆ. ಹೊಲಕ್ಕೆ ನುಗ್ಗಿದ ಹಂದಿಗಳಿಂದ ಬೆಳೆ ಕಳೆದುಕೊಂಡ ರೈತನಿಗೆ ಆ ಅಪ್ಪಣೆಯ ದಾರಿ ದೀರ್ಘವೂ ದುರ್ಗಮವೂ ಆಗಿರುವುದು ನಿಜವಾದ ಕಷ್ಟವೇ. ಆದರೂ ಪ್ರಶ್ನೆಯನ್ನು ಅಗತ್ಯದ ಮೇಲೆ ನಿಲ್ಲಿಸಿದುದರಲ್ಲಿ ಆ ಕಾಯಿದೆಯ ನೆಲೆ ಸರಿಯಾಗಿದೆ.

ಎರಡು ನಾಯಿಗಳ ಕಾನೂನು

ಇಂಗ್ಲೆಂಡಿನ 2004ರ ಕಾಯಿದೆ ಹಿಡಿದ ದಾರಿ ಬೇರೆ. ಅದರ ಹಿಂದೆ ಪಾರ್ಲಿಮೆಂಟಿನಲ್ಲಿ ನೂರಾರು ಗಂಟೆಗಳ ಚರ್ಚೆ ನಡೆದಿತ್ತು. 2002ರ ಸೆಪ್ಟೆಂಬರಿನಲ್ಲಿ ಸುಮಾರು ನಾಲ್ಕು ಲಕ್ಷ ಜನ ಹಳ್ಳಿಗಾಡಿನ ಪರವಾಗಿ ಲಂಡನ್ನಿನ ಬೀದಿಗಳಲ್ಲಿ ನಡೆದಿದ್ದರು. 2004ರ ಸೆಪ್ಟೆಂಬರಿನಲ್ಲಿ ಪ್ರತಿಭಟನಕಾರರು ಕೆಳಮನೆಯ ಸಭಾಂಗಣಕ್ಕೇ ನುಗ್ಗಿದ್ದರು. ಮೇಲ್ಮನೆ ಒಪ್ಪದಿದ್ದುದರಿಂದ ಅದನ್ನು ಮೀರಿ ಪಾರ್ಲಿಮೆಂಟ್ ಕಾಯಿದೆಗಳ ಬಲದಿಂದ ಮಸೂದೆ ಶಾಸನವಾಯಿತು. ಆ ಕ್ರಮದ ಸಿಂಧುತ್ವವನ್ನು 2005ರಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರ ಪೀಠ ಎತ್ತಿಹಿಡಿಯಬೇಕಾಯಿತು. ಇಷ್ಟೆಲ್ಲ ಆಗಿ ಹುಟ್ಟಿದ ಕಾನೂನು ಹೇಳಿದುದೇನು? ಇಲಿಯನ್ನೂ, ಹೇರ್ ಎಂಬ ದೊಡ್ಡ ಮೊಲವನ್ನು ಬಿಟ್ಟು ರ್ಯಾಬಿಟ್ ಎಂಬ ಚಿಕ್ಕ ಮೊಲವನ್ನೂ ನಾಯಿಗಳಿಂದ ಬೇಟೆಯಾಡಬಹುದು; ನರಿಯನ್ನು ಆಡಬಾರದು. ಗುಂಡಿಡುವುದಕ್ಕಾಗಿ ಎರಡು ನಾಯಿಗಳಿಂದ ನರಿಯನ್ನು ಪೊದೆಯಿಂದೆಬ್ಬಿಸಬಹುದು. ಮೂರು ನಾಯಿಗಳಾದರೆ ಅಪರಾಧ. ಡೇಗೆ ಮೊದಲಾದ ಬೇಟೆಹಕ್ಕಿಯೊಂದಕ್ಕಾಗಿ ಎಬ್ಬಿಸುವುದಾದರೆ ಹಿಂಡನ್ನು ಬಳಸಬಹುದು. ಸಾಧನವನ್ನೂ ಅದರ ಸಂಖ್ಯೆಯನ್ನೂ ಹಿಡಿದು ಬರೆದ ಕಾನೂನಿನಲ್ಲಿ ಸಾಧನವನ್ನು ಬದಲಿಸಿದವನಿಗೆ ದಾರಿ ತೆರೆದೇ ಇರುತ್ತದೆ. ತಮ್ಮ ಕಾಲದಲ್ಲಿ ಬಂದ ಈ ಕಾಯಿದೆಯನ್ನು ಕುರಿತು ಪ್ರಧಾನಿಯಾಗಿದ್ದ ಟೋನಿ ಬ್ಲೇರ್ 2010ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ವಿಷಾದ ವ್ಯಕ್ತಪಡಿಸಿದ್ದಾರೆ.

ಹಿಂಡುಗಳು ಕರಗಿಹೋಗಲಿಲ್ಲ. ನರಿಯ ವಾಸನೆಯನ್ನು ಬಟ್ಟೆಯಲ್ಲಿ ಹಚ್ಚಿ ನೆಲದ ಮೇಲೆಳೆದು, ಆ ಜಾಡಿನ ಮೇಲೆ ನಾಯಿಗಳನ್ನು ಬಿಡುವ 'ಜಾಡಿನ ಬೇಟೆ' ಬಳಕೆಗೆ ಬಂದಿತು. ಜಾಡು ಸಾಗುವ ಪೊದೆಯಲ್ಲಿ ನಿಜವಾದ ನರಿಯೇ ಇದ್ದು, ನಾಯಿಗಳು ಅದರ ಹಿಂದೆ ಓಡಿದರೆ, ಅದು ಆಕಸ್ಮಿಕ! ಈ ಆಕಸ್ಮಿಕಗಳು ಪದೇ ಪದೇ ನಡೆಯುತ್ತಿವೆಯೆಂಬ ಆಕ್ಷೇಪಣೆಯ ಹಿನ್ನೆಲೆಯಲ್ಲಿ ನ್ಯಾಷನಲ್ ಟ್ರಸ್ಟಿನ ಸದಸ್ಯರು 2021ರಲ್ಲಿ ತಮ್ಮ ಭೂಮಿಯಲ್ಲಿ ಅದನ್ನು ನಿಷೇಧಿಸಬೇಕೆಂದು ಮತ ಹಾಕಿದರು. 2002ರಲ್ಲಿಯೇ ಮೊದಲ ಕಾನೂನು ಮಾಡಿದ್ದ ಸ್ಕಾಟ್ಲೆಂಡು 2023ರಲ್ಲಿ ಅದನ್ನು ಬಿಗಿಗೊಳಿಸಿ, ಜಾಡಿನ ಬೇಟೆಯನ್ನೂ ನಿಲ್ಲಿಸಿ, ಎರಡಕ್ಕಿಂತ ಹೆಚ್ಚು ನಾಯಿಗಳು ನಿಜಕ್ಕೂ ಬೇಕಾದವರು ಕಾರಣ ತೋರಿಸಿ ಪರವಾನಗಿ ಪಡೆಯಬೇಕೆಂದಿತು. ಕಾರಣ ತೋರಿಸುವ ಹೊಣೆಯನ್ನು ಕೊಲ್ಲುವವನ ಮೇಲೆ ಹೊರಿಸಿದ ಈ ಕ್ರಮವು ಇಂಗ್ಲೆಂಡಿನ ಕ್ರಮಕ್ಕಿಂತ ವಿವೇಕವುಳ್ಳುದು. ಬೆಟ್ಟದ ಕುರಿಗಾರನಿಗೂ ಬಯಲಿನ ಸವಾರನಿಗೂ ಇರುವ ಅಂತರವನ್ನು ಅದು ಗುರುತಿಸಬಲ್ಲುದು. ಇಂಗ್ಲೆಂಡಿನಲ್ಲಿಯೂ ಜಾಡಿನ ಬೇಟೆಯನ್ನು ನಿಲ್ಲಿಸುವುದಾಗಿ ಲೇಬರ್ ಪಕ್ಷ ತನ್ನ 2024ರ ಚುನಾವಣಾ ಪ್ರಣಾಳಿಕೆಯಲ್ಲಿ ಮಾತು ಕೊಟ್ಟಿತು.

ಕೊನೆಗೆ ಉಳಿಯುವುದು ಬೇಟೆಯ ಸೊಗಸಿನ ಪ್ರಶ್ನೆ. ಅದನ್ನು ಅಪಹಾಸ್ಯ ಮಾಡುವುದು ಸಲ್ಲದು. ಚಳಿಗಾಲದ ಮುಂಜಾವಿನಲ್ಲಿ ನೆರೆಯುವ ಊರು, ತಲೆಮಾರುಗಳಿಂದ ವಂಶಾವಳಿ ಬರೆದಿಟ್ಟು ಬೆಳೆಸಿದ ನಾಯಿಗಳು, ಅವುಗಳ ಕೊರಳಿನ ಮೇಳ, ಬೇಲಿ ಹಾರುವ ಕುದುರೆ, ಇದನ್ನೇ ನಂಬಿದ ಲಾಯದವರು, ಲಾಳ ಕಟ್ಟುವವರು: ಇವೆಲ್ಲ ಒಂದು ಜನಪದದ ಜೀವನದ ಭಾಗಗಳು. ಆರು ಸಾವಿರದಿಂದ ಎಂಟು ಸಾವಿರ ಮಂದಿಯ ಪೂರ್ಣಾವಧಿ ದುಡಿಮೆಯಷ್ಟು ಉದ್ಯೋಗ ಇದನ್ನು ಅವಲಂಬಿಸಿತ್ತೆಂದು ಬರ್ನ್ಸ್ ಸಮಿತಿ ಲೆಕ್ಕ ಹಾಕಿತ್ತು. ಸ್ಪೇನಿನ ತತ್ತ್ವಜ್ಞ ಒರ್ಟೆಗಾ ಇ ಗ್ಯಾಸೆಟ್, ಕೊಲೆಯು ಬೇಟೆಗಾರನ ಗುರಿಯಲ್ಲವೆಂದೂ ಬೇಟೆಯೆಂಬ ಅನುಭವವನ್ನು ಪೂರ್ಣಗೊಳಿಸುವ ಅಂಗವೆಂದೂ ವಾದಿಸಿದನು. ಓಟವೇ ಮುಖ್ಯ, ಸಾವು ಆನುಷಂಗಿಕ ಎಂದು ಆರಿಯನ್ನನಿಂದ ಮೊದಲ್ಗೊಂಡು ಎಲ್ಲರೂ ಹೇಳಿದ್ದಾರೆ. ಹಾಗಾದರೆ ಅವರ ಮಾತನ್ನೇ ಹಿಡಿದು ಕೇಳಬಹುದು. ಸೋಂಪಿನ ಎಣ್ಣೆಯಂಥ, ಯಾವ ಪ್ರಾಣಿಯದೂ ಅಲ್ಲದ ವಾಸನೆಯ ಜಾಡನ್ನೆಳೆದು ನಾಯಿಗಳನ್ನೋಡಿಸುವ ಕ್ರೀಡೆ ನಿಷೇಧಕ್ಕೆ ಬಹು ಮುಂಚೆಯೇ ಇಂಗ್ಲೆಂಡಿನಲ್ಲಿತ್ತು, ಇಂದೂ ಇದೆ. ಅದರಲ್ಲಿ ಕುದುರೆಯುಂಟು, ನಾಯಿಯುಂಟು, ಬೇಲಿಯುಂಟು, ಕೂಟವುಂಟು, ದುಡಿಮೆಯುಂಟು. ಇಲ್ಲದಿರುವುದು ಪ್ರಾಣಭಯದಿಂದ ಓಡುವ ಜೀವಿಯೊಂದೇ.

ಹಿಂಡಿನ ಮುಖಂಡರು ಅದನ್ನು ಸಪ್ಪೆಯೆನ್ನುತ್ತಾರೆ. ಎಳೆದ ಜಾಡಿಗೆ ಬುದ್ಧಿಯಿಲ್ಲ. ನರಿಯಾದರೆ ತೊರೆಯಲ್ಲಿಳಿಯುತ್ತದೆ, ಕುರಿಮಂದೆಯೊಳಗೆ ನುಸುಳಿ ವಾಸನೆ ಕೆಡಿಸುತ್ತದೆ, ಹಿಂದಿರುಗಿ ಬಂದು ಮೋಸಗೊಳಿಸುತ್ತದೆ, ಮುಂದೇನಾಗುವುದೋ ಎಂಬ ಅನಿಶ್ಚಯವೇ ಆಟದ ಜೀವಾಳ ಎನ್ನುತ್ತಾರೆ. ಇದು ಪ್ರಾಮಾಣಿಕವಾದ ಉತ್ತರ. ಈ ವಿವಾದದಲ್ಲಿ ಬೇಟೆಯ ಪಕ್ಷದಿಂದ ಬಂದ ಉತ್ತರಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದುದು. ಆದರೆ ಆ ಜಾಣ್ಮೆಯೆಲ್ಲ ಬದುಕಿ ಉಳಿಯುವುದಕ್ಕಾಗಿ ಆ ಪ್ರಾಣಿ ಮಾಡುವ ಹೋರಾಟವಾದುದರಿಂದ, ಪೀಡೆಯ ನಿವಾರಣೆ, ಹಳ್ಳಿಯ ಹಿತ, ನಾಯಿಯ ಸಹಜಧರ್ಮ ಎಂಬ ಹೊದಿಕೆಗಳನ್ನೆಲ್ಲ ಸರಿಸಿದ ಮೇಲೆ ಅಲ್ಲಿ ನಿಲ್ಲುವುದು ಅದರ ಭಯದಿಂದ ದೊರೆಯುವ ಸುಖ. ಕುರಿಮರಿಯನ್ನು ಕಾಯುವುದಕ್ಕೆ ನಾಯಿ ಬಿಟ್ಟವನ ಕೆಲಸಕ್ಕೆ ಬೇಟೆಯೆಂಬ ಹೆಸರು ಸಲ್ಲುತ್ತದೆ. ಅವನು ತನ್ನ ಅಗತ್ಯವನ್ನು ಸ್ಥಾಪಿಸಬಲ್ಲನು. ಈ ಸುಖವನ್ನು ಬಯಸುವವನು ಅದಕ್ಕೆ ಅಗತ್ಯದ ಹೆಸರನ್ನಿಡದೆ, ಸುಖವೆಂದೇ ಒಪ್ಪಿಕೊಂಡು ಸಮಾಜದ ಮುಂದೆ ವಾದಿಸಲಿ. ಆಗ ಕಾನೂನಿಗೂ ನಾಯಿಗಳನ್ನೆಣಿಸುವ ಕಷ್ಟ ತಪ್ಪುತ್ತದೆ.